ಕನ್ನಡಿಯ ಲೆಕ್ಕ

ಹಂಪನಕಟ್ಟೆಯ ಮಾಳಿಗೆ ಅಂಗಡಿಯಲ್ಲಿ ನಿಝಾಮ
ಮೂರು ಕ್ಯಾಮೆರಾ ಗಾಜಿನ ಮೇಲಿಟ್ಟ,
ಬಂದರಿನಲ್ಲಿ ಬಂಗುಡೆ ಸಾಲಿಟ್ಟ ಹಾಗೆ.
ಮೂರಕ್ಕೂ ಒಂದೊಂದೇ ಕಣ್ಣು.
ಯಾವುದು ತಾಜಾ ಅಂತ ಕಿವಿರು ಎತ್ತಿ ನೋಡುವ ಹಾಗಿಲ್ಲ.

"ಇದು ಹತ್ತು ಮೀಟರ್ ನೀರಿಗೆ ಇಳಿಯುತ್ತದೆ, ವಾರಿಜಕ್ಕ."
ನಾನು ಇಳಿಯಬೇಕಲ್ಲ ಮಾರಾಯ.
"ಇದು ನಾಲ್ಕು ಕೆ."
ನಾಲ್ಕು ಎಂತದು ಅಂತ ಕೇಳಲಿಲ್ಲ,
ಐಸ್ ಪ್ಲಾಂಟಿನ ಲೆಕ್ಕ ಬರೆಯುವವಳು
ಅಂಕಿಗೆ ಹೆದರಿದಳು ಅಂತ ಆಗಬಾರದು.
"ಇದರಲ್ಲಿ ಅಲುಗಾಟವೇ ಇಲ್ಲ ಅಕ್ಕ,
ನಂತೂರಿನ ಗುಂಡಿಗೆ ಬಿದ್ದೆದ್ದರೂ
ಹಾಲಿನ ಕೆನೆಯ ಮೇಲೆ ಹೋದ ಹಾಗೆ ಕಾಣುತ್ತದೆ."

ಹಾಗಾದರೆ ನನ್ನ ಸೊಂಟ ಎಲ್ಲಿ ನೋಯಿತು ಅಂತ
ಯಾರಿಗೆ ತೋರಿಸಲಿ?

"ನಾಳೆವರೆಗೆ ಇಟ್ಟುಕೊಳ್ಳಿ, ಓಡಿಸಿ ನೋಡಿ" ಅಂದ.
ಹೆಲ್ಮೆಟ್ಟಿನ ಹಣೆಗೆ ಅವನೇ ಅಂಟಿಸಿ ಕೊಟ್ಟ.
ಲಾಲ್‌ಬಾಗ್, ಕೊಟ್ಟಾರ ಚೌಕಿ, ಕೂಳೂರು ಸೇತುವೆ,
ಆಚೆ ದಡದಲ್ಲಿ ಗಾಡಿ ನಿಲ್ಲಿಸಿ ಗುಂಡಿ ಒತ್ತಿದೆ.
ಹನ್ನೊಂದು ನಿಮಿಷ.

ರಾತ್ರಿ ಪ್ರೆಸಿಲ್ಲಾಳ ಟಿವಿಗೆ ತಂತಿ ಸಿಕ್ಕಿಸಿ
ನೋಡಿದೆವು ಇಬ್ಬರೂ, ನಡುವೆ ಹಲಸಿನ ಹಪ್ಪಳ.
ಅಂದುಕೊಂಡಿದ್ದೆ, ನಾನು ನದಿ ನೋಡುವವಳು,
ಮರಳಿನ ದೋಣಿ ನೋಡುವವಳು.
ಪರದೆಯಲ್ಲಿ ನದಿ ಬಂದದ್ದು ಒಂದೇ ಸಲ, ಅದೂ ಓರೆಯಾಗಿ.
ಉಳಿದದ್ದೆಲ್ಲ ಬಲಗನ್ನಡಿ.
ರಸ್ತೆ, ಬಲಗನ್ನಡಿ. ಬಸ್ಸು, ಬಲಗನ್ನಡಿ.
ಸಿಗ್ನಲ್ಲಿನಲ್ಲಿ ನಿಂತಲ್ಲೇ ನಿಂತು
ಬಲಗನ್ನಡಿ, ಬಲಗನ್ನಡಿ.
ಪ್ರೆಸಿಲ್ಲಾ ಹಪ್ಪಳ ಮುರಿಯುವುದು ಬಿಟ್ಟು ಎಣಿಸಿದಳು.
ನಲವತ್ತಮೂರು.
"ಎಂತ ಮಾರಾಯ್ತಿ, ಹಿಂದೆ ಯಾರಿದ್ದರು?"

ಯಾರೂ ಇರಲಿಲ್ಲ. ಒಂದು ಹಾಲಿನ ಟೆಂಪೋ.

ಇದ್ದದ್ದು ಹದಿನಾಲ್ಕು ವರ್ಷದ ಹಿಂದೆ,
ಸುರತ್ಕಲ್ಲಿನಿಂದ ಬೈಕಂಪಾಡಿಯವರೆಗೆ,
ಎರಡು ಬೈಕು, ನಾಲ್ಕು ಜನ. ನನ್ನದು ಸೆಕೆಂಡ್ ಹ್ಯಾಂಡ್ ಸ್ಕೂಟಿ.
ಅವರು ಏನೂ ಮಾಡಲಿಲ್ಲ. ಹಿಂದೆ ಬಂದರು.
ನಾನು ನಿಧಾನ ಮಾಡಿದರೆ ನಿಧಾನ, ಜೋರು ಮಾಡಿದರೆ ಜೋರು.
"ಏನೂ ಆಗಲಿಲ್ಲವಲ್ಲ" ಅಂದರು ಮನೆಯಲ್ಲಿ.
ನಾನೂ ಅಂದೆ.
ಕುತ್ತಿಗೆಗೆ ಯಾರೂ ಹೇಳಿರಲಿಲ್ಲ.

ಮರುದಿನ ನಿಝಾಮ, ಏನೂ ಕೇಳದೆ, ಡ್ರಾಯರಿನಿಂದ
ಒಂದು ಕಪ್ಪು ಪಟ್ಟಿ ತೆಗೆದ.
"ಎದೆಗೆ ಕಟ್ಟಿ ಅಕ್ಕ. ತಲೆ ಎತ್ತ ತಿರುಗಿದರೂ
ಚಿತ್ರದಲ್ಲಿ ರಸ್ತೆ ನೇರ."
ಚಂದದ ರಸ್ತೆ ಅದು.
ನಾನು ಯಾವತ್ತೂ ಹೋಗದ ರಸ್ತೆ.

ಹಳೆಯ ಮಾಡೆಲ್ ಒಂದು ಮೂಲೆಯಲ್ಲಿತ್ತು,
ಅಂಚಿಗೆ ಗೀರು ಬಿದ್ದದ್ದಕ್ಕೆ ಎಂಟು ನೂರು ಕಡಿಮೆ.
ಕೆನೆ ಗಿನೆ ಇಲ್ಲ, ಗುಂಡಿಯನ್ನು ಗುಂಡಿ ಅಂತಲೇ ತೋರಿಸುತ್ತದೆ.
ಬ್ಯಾಟರಿ ಬರೀ ಒಂದು ಗಂಟೆ.
ಅದನ್ನೇ ಕೊಡು ಅಂದೆ. ಹಣೆಗೇ.

ಐಸ್ ಬ್ಲಾಕಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ
ಈಗ ಭಾನುವಾರಗಳ ಸಾಲು. ಕೂಳೂರಿನವರೆಗೆ ಮಾತ್ರ ಎಣಿಕೆ.
ಮೂವತ್ತೊಂಬತ್ತು. ನಲವತ್ತೊಂದು. ಮೂವತ್ತೆಂಟು.
ಒಂದು ವಾರ ಐವತ್ತಾರು;
ಪಕ್ಕದಲ್ಲಿ ನನ್ನದೇ ಅಕ್ಷರ: ಪಣಂಬೂರಿನ ಲಾರಿಗಳು.
ಅದು ಸುಳ್ಳು. ಲಾರಿಗಳಿಗೆ ಅವತ್ತು ಮುಷ್ಕರ.

ಮೊನ್ನೆ ಉಡುಪಿಗೆ ಹೊರಟವಳಿಗೆ
ಮುಲ್ಕಿ ಸೇತುವೆಯ ನಡುವೆ, ಹಣೆಯ ಮೇಲೆ
ಮೂರು ಸಲ ಪೀಂ ಅಂದು ಕ್ಯಾಮೆರಾ ಕಣ್ಣು ಮುಚ್ಚಿತು.
ಹೆಜಮಾಡಿ ದಾಟುವಾಗ ಕನ್ನಡಿಗೂ
ಉಪ್ಪುಗಾಳಿ ಹಿಡಿದು ಮಸುಕು.
ಶಾಲಿನ ತುದಿ ಕೈಗೆ ಸಿಗುವಷ್ಟೇ ದೂರದಲ್ಲಿತ್ತು.

ಒರೆಸಲಿಲ್ಲ.

ಅಲ್ಲಿಂದ ಮುಂದೆ ಎಷ್ಟು ಸಲ ತಿರುಗಿದೆನೋ
ಯಾವ ಪುಸ್ತಕದಲ್ಲೂ ಇಲ್ಲ.
ಪಡುಬಿದ್ರೆ ಕಳೆದು ತೆಂಗಿನ ಸಂದಿಯಲ್ಲಿ ಏನೋ ಹೊಳೆಯಿತು.
ಸಮುದ್ರ ಆ ದಾರಿಯಲ್ಲಿ
ಎಡಗಡೆ ಇರುತ್ತದೆ.