ಹೆಬ್ಬೆಟ್ಟು

ಇನ್ನೊಂದ್ಸಲ ಒತ್ತಿ ಆಚಾರ್ರೇ, ಎಂದೆ.
ಒತ್ತಿದರು ಈರಾಚಾರ್ರು.
ಯಂತ್ರ ಕೆಂಪು ಕಣ್ಣು ಮಿಟುಕಿಸಿ
ಗುರುತು ಸಿಗಲಿಲ್ಲ ಎಂದಿತು.
ಹೆಬ್ಬೆಟ್ಟು, ತೋರುಬೆರಳು, ಎಡಗೈ, ಬಲಗೈ,
ಒದ್ದೆ ಬಟ್ಟೆಗೆ ಒರೆಸಿ, ತಲೆಗೂದಲಿಗೆ ಉಜ್ಜಿ,
ಹತ್ತೂ ಬೆರಳು ನುಣ್ಣಗೆ
ಉಪ್ಪುಕಾಗದದಲ್ಲಿ ತಿಕ್ಕಿದ ಬಳಪದ ಕಲ್ಲು.

ಹಳೇಬೀಡು, ಬಸ್‌ಸ್ಟ್ಯಾಂಡಿನೆದುರು ಜೆರಾಕ್ಸ್ ಅಂಗಡಿಯ ಒಳಕೋಣೆ.
ಇತಿಹಾಸದಲ್ಲಿ ಎಂ.ಎ. ಮಾಡಿ
ಸರ್ವರ್ ಬರುವುದನ್ನು ಕಾಯುವವಳು ನಾನು.
ಹೊತ್ತು ಹೋಗಲೆಂದು ಹೇಳಿದೆ:

ಇಲ್ಲಿ ನಮ್ಮ ಗುಡಿ ಇನ್ನೂ ಕೆತ್ತುತ್ತಿದ್ದ ಕಾಲಕ್ಕೆ
ಚೀನಾ ದೇಶಕ್ಕೆ ಕುದುರೆ ಮೇಲೆ ಮಂಗೋಲರು ಬಂದರು.
ಸೋತ ಊರನ್ನು ಬಯಲಿಗೆ ಕರೆದು
ಕಸುಬಿನವರು ಈ ಕಡೆ, ಎನ್ನುತ್ತಿದ್ದರಂತೆ.
ನೇಯುವವರು, ಎರಕದವರು, ಬಿಲ್ಲು ಬಾಗಿಸುವವರು
ಈ ಕಡೆ ಬಂದು ಉಳಿದರು.
ಆ ಕಡೆಯವರಿಗೆ ನನ್ನ ಪುಸ್ತಕದಲ್ಲಿ ಒಂದೇ ಸಾಲು.
ಉಳಿ ಹಿಡಿದೇ ಗೊತ್ತಿಲ್ಲದ ಯಾರೋ ಶಾನುಭೋಗ
ನಾನೂ ಬಡಗಿ ಎಂದು ದಾಟಿಕೊಂಡಿರಬೇಕು,
ಆಮೇಲೆ ರಾತ್ರಿಯೆಲ್ಲ ಕಲಿತಿರಬೇಕು.

ಆಚಾರ್ರು ನಕ್ಕರು. ಹಂಗಾದ್ರೆ ನಾನು ಬದುಕ್ತಿದ್ದೆ ಬಿಡವ್ವ.

ಬದುಕ್ತಿದ್ರಿ. ಹೆಸರು ಪಟ್ಟಿಗೆ ಸೇರ್ತಿತ್ತು.
ಬಿಟ್ಟಿ ಚಾಕರಿ ಇಲ್ಲ, ತಿಂಗಳಿಗಿಷ್ಟು ದವಸ.
ಆದರೆ ಮಗನೂ ಅದೇ ಕಸುಬು, ಮೊಮ್ಮಗನೂ ಅದೇ.
ಇಲ್ಲಿ ನಿಮ್ಮವರು ವಿಗ್ರಹದ ಕಾಲಬುಡದಲ್ಲಿ
ತಮ್ಮ ಹೆಸರು ತಾವೇ ಕೊರೆಯುತ್ತಿದ್ದಾಗ
ಅಲ್ಲಿ ಹೆಸರು ಬರೆಯುತ್ತಿದ್ದವರು ಬೇರೆ.
ಅಳಿಸುವವರು ಇರಲಿಲ್ಲ.

ದವಸ ಎಷ್ಟು ಕೊಡೋರು?

ಈ ಪ್ರಶ್ನೆ ಪರೀಕ್ಷೆಗೆ ಬಂದಿರಲಿಲ್ಲ.

ಅವರ ಮಗ ಪುಟ್ಟರುದ್ರ ಬೇಲೂರಲ್ಲಿ ಟೈಲ್ಸ್ ಹಾಕುತ್ತಾನೆ,
ದಿನಕ್ಕೆ ಎಂಟುನೂರು, ಬೀಡಿ ಬೇರೆ.
ಇವರು ಪುಷ್ಪಗಿರಿ ರಸ್ತೆಯ ತಗಡಿನಡಿ ಕೂತು
ಅಂಗೈಯಗಲದ ಆನೆ ಕಡೆಯುತ್ತಾರೆ.
ಮುನ್ನೂರು ಎಂದರೆ ಬಸ್ಸಿನವರು ನೂರಕ್ಕೆ ಕೇಳುತ್ತಾರೆ,
ನೂರಿಪ್ಪತ್ತಕ್ಕೆ ಆನೆ ಹತ್ತಿ ಹೋಗುತ್ತದೆ.

ಯಾರು ಕಸುಬಿನವರು ಅಂತ ಹೆಂಗೆ ಗೊತ್ತಾಗ್ತಿತ್ತು ಅವರಿಗೆ?

ಕೈ ನೋಡಿರಬೇಕು, ಎಂದೆ.

ಅವರು ತಮ್ಮ ಕೈ ನೋಡಿಕೊಂಡರು.
ನಾನೂ ನೋಡಿದೆ.
ಯಂತ್ರದ ಗಾಜಿನ ಮೇಲೆ ಬೂದು ಪುಡಿ,
ಅದರಲ್ಲಿ ಗೆರೆ ಒಂದೂ ಇಲ್ಲ.

ಗುರುವಾರ ಬನ್ನಿ ಆಚಾರ್ರೇ, ಹಾಸನದಿಂದ ಕಣ್ಣಿನ ಮಿಷಿನ್ ತರ್ತಾರೆ.
ಕಣ್ಣಾ? ಅದಕ್ಕೂ ಧೂಳು ಬಿದ್ದದಲ್ಲವ್ವ.

ರೇಷನ್ ಕಾರ್ಡನ್ನು ಪ್ಲಾಸ್ಟಿಕ್ಕಿಗೆ ಸೇರಿಸಿ,
ಪ್ಲಾಸ್ಟಿಕ್ಕನ್ನು ಚೀಲಕ್ಕೆ, ಚೀಲವನ್ನು ಕಂಕುಳಿಗೆ.
ಬಾಗಿಲಲ್ಲಿ ತಿರುಗಿ
ಎಷ್ಟಾಯ್ತವ್ವ, ಎಂದರು.

ಏನೂ ಆಗಿಲ್ಲ ಆಚಾರ್ರೇ,
ಹೋಗಿ ಬನ್ನಿ.