ಸುಣ್ಣದ ಪಾಲು

ಅನುದಾನ ಹಂಚಿದ ದಿನ
ಮೇಲಿನ ಮಹಡಿಯ ಬ್ಯಾಟರಿಯವರಿಗೆ ಬೆಣ್ಣೆ ಹೋಯಿತು,
ನಮ್ಮ ಪಾಲಿಗೆ ಸುಣ್ಣ.
ಗಾದೆ ಹೇಳುತ್ತಿಲ್ಲ; ಸುಣ್ಣವೇ ನನ್ನ ಸಂಶೋಧನೆಯ ವಿಷಯ.

ಕಾರವಾರದಿಂದ ಕುಮಟೆಯ ಬಸ್ಸು.
ತೊಡೆಯ ಮೇಲೆ ತಕ್ಕಡಿ, ಕಾಲಬುಡದಲ್ಲಿ ಬಿಗಿಮುಚ್ಚಳದ ಡಬ್ಬಿ.
ಮೀನಾ? ಎಂದ ಕಂಡಕ್ಟರ್.
ಅಲ್ಲ, ಗಾಳಿ.
ಗಾಳಿಗೂ ಲಗೇಜು ಟಿಕೆಟ್ ಹರಿದ.

ಮಿರ್ಜಾನಿನಲ್ಲಿ ಇಳಿದು ನಡೆದರೆ ಅಘನಾಶಿನಿಯ ದಂಡೆಗೆ ಇನಾಸನ ಗೂಡು.
ಇಳಿತದ ಹೊತ್ತು ಹೆಂಗಸರು ಸೊಂಟದ ನೀರಲ್ಲಿ ನಿಂತು
ಕಾಲಬೆರಳಲ್ಲೇ ತಡಕಿ ತೆಗೆದ ಬಳಚು:
ಮಾಂಸ ಊರ ಸಾರಿಗೆ, ಚಿಪ್ಪು ಅವನ ಬೆಂಕಿಗೆ.
ಒಂದು ಹಾಸು ಚಿಪ್ಪು, ಒಂದು ಹಾಸು ಇದ್ದಿಲು,
ಮತ್ತೆ ಚಿಪ್ಪು, ಮತ್ತೆ ಇದ್ದಿಲು;
ತಿದಿಯ ಜಾಗದಲ್ಲಿ ಹಳೆಯ ಫ್ಯಾನೊಂದರ ಮೋಟಾರು.
ಜಿಲ್ಲೆಯ ಹೊಳೆಗಳೆಲ್ಲ ದುಡಿದು ದೂರಕ್ಕೆ ಕಳಿಸುವ ಕರೆಂಟು
ಅವನಿಗೆ ಸಂಜೆ ಏಳಕ್ಕೆ ಸರಿಯಾಗಿ ಕೈಕೊಡುತ್ತದೆ.

ಲೆಕ್ಕ ಹೇಳಿದೆ.
ನೂರು ಕಿಲೋ ಚಿಪ್ಪು ಸುಟ್ಟರೆ
ಐವತ್ತಾರು ಕೈಗೆ, ನಲವತ್ನಾಲ್ಕು ಗಾಳಿಗೆ.
ಇದ್ದಿಲಿನದು ಬೇರೆ.
ಇನಾಸ ತಲೆಯ ಟವೆಲು ಬಿಚ್ಚಿ ಕೊಡವಿದ:
'ಮೂವತ್ತೆಂಟು ವರ್ಷ ಸುಟ್ಟಿದ್ನಲ್ಲ ಅಕ್ಕೋರೇ,
ಅಷ್ಟೂ ಎಲ್ಲಿ ಹೋಯ್ತು?'
ಇಬ್ಬರೂ ತಲೆಯೆತ್ತಿ ನೋಡಿದೆವು.
ಒಂದು ಹದ್ದು ಇತ್ತು.

ಗೋಡೆಗೆ ಬಳಿದ ಸುಣ್ಣ ಸುಮ್ಮನಿರುವುದಿಲ್ಲ, ಎಂದೆ.
ಬೆಂಕಿಯಲ್ಲಿ ಬಿಟ್ಟ ಉಸಿರನ್ನು
ಗಾಳಿಯಿಂದ ಚೂರು ಚೂರೇ ಹೆಕ್ಕಿ ಒಳಗೆಳೆದು
ಮತ್ತೆ ಚಿಪ್ಪಿನಂತೆ ಗಟ್ಟಿಯಾಗುತ್ತದೆ.
ನಾವು ಅದಕ್ಕೆ ಒಣಗಿತು ಅನ್ನುತ್ತೇವೆ.

ಅವನು ಏನೂ ಅನ್ನದೆ ಮನೆಗೆ ಕರೆದೊಯ್ದ.
ಮದುವೆಯ ವರ್ಷ ಎದ್ದ ಗೋಡೆ, ಮೊಣಕೈ ಉದ್ದದ ದಪ್ಪ,
ಗಾರೆ ಅವನದೇ ಗೂಡಿನದು,
ಬೆಲ್ಲದ ನೀರು ಹಾಕಿ ನತಾಲಿನ್ ತುಳಿದದ್ದು,
ಕಾಲಿಗೆ ಕೊಬ್ಬರಿಯೆಣ್ಣೆ ಸವರಿಕೊಂಡು; ಆದರೂ ಬೊಬ್ಬೆ.
ಎಲ್ಲಿ ಕೊರೆಯಲಿ?
ಕ್ಯಾಲೆಂಡರ್ ಸರಿಸಿ ತೋರಿಸಿದ: ಇಲ್ಲಿ. ಕಾಣದ ಹಾಗೆ.

ಹೊರಬಂದ ತುಂಡಿನ ಮೇಲೆ ಔಷಧಿಯ ಹನಿ ಬಿಟ್ಟೆ.
ಉಸಿರು ತುಂಬಿಕೊಂಡ ಸುಣ್ಣ ಬಿಳಿಯಾಗಿಯೇ ಇರುತ್ತದೆ;
ಹೊರಗಿನ ಮೂರು ಬೆರಳು ಬಿಳಿ.
ಅಲ್ಲಿಂದಾಚೆ ತಟ್ಟನೆ,
ಮುರುಗಲ ಹಣ್ಣು ಹಿಚುಕಿದಂತೆ,
ಇನ್ನೂ ಕಾಯುತ್ತಿರುವ ಸುಣ್ಣ.

'ಇದು ಹಸಿಯಾ?' ಕನ್ನಡಕ ಒರೆಸಿ ಮತ್ತೆ ಬಗ್ಗಿದ.
ಹಸಿ.
'ಅಷ್ಟು ವರ್ಷ ಆದ್ರೂ?'
ಒಳಗಿಂದ ಬಂದ ನತಾಲಿನ್ ತುಂಡನ್ನು ಅಂಗೈಯಲ್ಲಿ ಹೊರಳಿಸಿದಳು,
ತನ್ನ ಹಿಮ್ಮಡಿ ಒಮ್ಮೆ ನೋಡಿಕೊಂಡಳು.
'ಹಂಗಾದ್ರೆ ನಾ ತುಳಿದದ್ದು ಇನ್ನೂ ಮುಗೀಲಿಲ್ಲ ಅನ್ನಿ.
ಅದಿರ್ಲಿ, ಈ ತೂತು ಯಾರು ಮುಚ್ಚೂದು?'

ವರದಿಯಲ್ಲಿ ಎರಡು ಅಂಕಣ: ಬಿಟ್ಟದ್ದು, ಮರಳಿ ಪಡೆದದ್ದು.
ಚಿಪ್ಪಿನ ಸಾಲು ನಿಧಾನ ತುಂಬುತ್ತ ಬಂದಿದೆ.
ಇದ್ದಿಲಿನ ಸಾಲಿಗೆ ಬಲಗಡೆ ಏನೂ ಇಲ್ಲ.
ಆ ಖಾಲಿ ಮನೆಗೆ ಗೆರೆ ಎಳೆದು ಮುಗಿಸಿ, ಎಂದರು ಮಾರ್ಗದರ್ಶಕರು.
ನಾನು ಎಳೆಯಲಿಲ್ಲ.
ಅಲ್ಲಿ ಬರೆಯಬೇಕಾದದ್ದು ಬೇರೊಂದು ಗೂಡು,
ಬಿಸಿಲಿನದೋ ಕರೆಂಟಿನದೋ;
'ಬಿಲ್ಲು ಯಾರು ಕಟ್ಟೂದು?' ಎಂದು ಇನಾಸ
ಆಗಲೇ ಕೇಳಿಯಾಗಿದೆ, ನನ್ನಲ್ಲಿ ಉತ್ತರವಿಲ್ಲ.

ಮುಂದಿನ ತಿಂಗಳು ಹೋದಾಗ ಕ್ಯಾಲೆಂಡರ್ ಸರಿಸಿದೆ.
ತೂತು ಮುಚ್ಚಿತ್ತು. ಹೊಸ ಗಾರೆಯ ಮೇಲೆ
ಹೆಬ್ಬೆರಳ ಗುರುತು, ಪೆನ್ಸಿಲಿನಲ್ಲಿ ತಾರೀಕು,
ಕೆಳಗೆ ಸೊಟ್ಟ ಅಕ್ಷರದಲ್ಲಿ:
ಇಲ್ಲಿಂದ ಎಣಿಸಿ.