ಎರಡು ಬೆರಳು

ಮೂವತ್ತೊಂದು ವರ್ಷ ಕೋಟುಗಳಿಗೆ ತೋಳು ಕತ್ತರಿಸಿದ ಕೈ ಇದು.
ತಾಂಪೆರೆಯ ಹೊಲಿಗೆ ಕಾರ್ಖಾನೆ ಮುಚ್ಚಿದ ಮೇಲೆ
ಇದಕ್ಕೆ ಸಿಕ್ಕಿದ್ದು ಒಂದು ಕಬ್ಬಿಣದ ಮೊಳೆ, ಅದರ ನೆತ್ತಿಯಲ್ಲಿ ಗಾಜಿನ ಕಣ್ಣು,
ಬೆನ್ನಿಗಂಟುವ ನೀಲಿ ಅಂಗಿ, ಮಧ್ಯಾಹ್ನಕ್ಕೆ ಬಟಾಣಿ ಸಾರು.
ಸಂಬಳವಿಲ್ಲ.

ತಟ್ಟೆ ಬಿದ್ದಲ್ಲಿಗೆ ಓಡಬೇಕು.
ಹುಲ್ಲಿನ ಗಾಯಕ್ಕೆ ನಾಲ್ಕು ಅಂಚು ಇರುತ್ತದೆ;
ವೃತ್ತಕ್ಕೆ ಯಾವುದು ಹತ್ತಿರವೋ ಅದಕ್ಕೇ ಮೊಳೆ ಊರಿ
ನೆಟ್ಟಗೆ ನಿಲ್ಲಬೇಕು.
ಅಳೆಯುವುದು ಆಚೆ ನಿಂತ ಮೂರು ಕಾಲಿನ ಯಂತ್ರ.
ತೋರಿಸುವುದಷ್ಟೇ ನಾನು.

ಇಂದು ಅರ್ಹತಾ ಸುತ್ತು. ಇಪ್ಪತ್ತೊಂಬತ್ತು ಗಂಡಸರು,
ಒಬ್ಬೊಬ್ಬರೂ ನಮ್ಮ ಮನೆಯ ಬೀರುವಿನಷ್ಟು.
ಬೆಳಗಿನಿಂದ ಜಿನುಗು ಮಳೆ.
ಅವರು ಟವೆಲಿನಲ್ಲಿ ತಟ್ಟೆ ಒರೆಸುವುದು ನೋಡಿದರೆ
ಆಗಷ್ಟೇ ಮೀಯಿಸಿದ ಕೂಸಿನ ತಲೆ ಅನ್ನಬೇಕು.
ಎಸೆದವನ ಬೆರಳಿಗೆ ತಾನೇ ಮರಳುವ ಚಕ್ರವಲ್ಲ ಇದು;
ಕೆಂಪು ಬಣ್ಣದ ಪುಟ್ಟ ಆಟದ ಕಾರೊಂದು ಬಂದು
ಬೆನ್ನ ಮೇಲೆ ಹೇರಿಸಿಕೊಂಡು, ಕುಲುಕುತ್ತಾ, ವಾಪಸು ಒಯ್ಯುತ್ತದೆ.
ಗ್ಯಾಲರಿಯ ಮಕ್ಕಳ ಚಪ್ಪಾಳೆಯೆಲ್ಲ ಅದಕ್ಕೇ.

ಲಿಥುವೇನಿಯಾದ ವೈದೋತಸ್.
ಎದೆಯ ಮೇಲಿನ ಹೆಸರು ಮಡಿಕೆಗೆ ಸಿಕ್ಕಿ ಅರ್ಧ ಕಾಣುತ್ತದೆ.
ಬಲದೋಳು ಬಿಗಿ, ಕಂಕುಳಲ್ಲಿ ಒಂದು ತುಂಡು ಕೊಡಬೇಕಿತ್ತು,
ಯಾರು ಹೊಲಿದರೋ.
ಮೊದಲನೆಯದು ಬಲೆಗೆ.
ಎರಡನೆಯದಕ್ಕೆ ಕೆಂಪು ಬಾವುಟ: ಬೂಟಿನ ತುದಿ ಕಟ್ಟಿನ ಮೇಲೆ.
ಮೂರನೆಯದೆಂದರೆ ಕೊನೆಯದು.

ನಮಗೆ ಬೆನ್ನು ಮಾಡಿ ನಿಂತ.
ತೋಳು ಒಮ್ಮೆ ಹಿಂದಕ್ಕೆ, ಇನ್ನೊಮ್ಮೆ,
ಆಮೇಲೆ ಅಷ್ಟು ದೊಡ್ಡ ದೇಹ ಎಡಗಾಲಿನ ಕೀಲಿನ ಮೇಲೆ
ಕೋಟೆಯ ಬಾಗಿಲಿನ ಹಾಗೆ ತಿರುಗಿ
ತೆರೆದುಕೊಂಡಿತು.
ತಟ್ಟೆ ಗಾಳಿಗೆ ಬಿದ್ದ ಮೇಲೆ ಅವನ ಕೂಗು ನನಗೆ ಮುಟ್ಟಿತು.
ಅದು ನೆಲ ಕಾಣುವ ತನಕ ಅವನು ವೃತ್ತ ಬಿಡುವಂತಿಲ್ಲ.
ಒಂಟಿ ಕಾಲಲ್ಲಿ ತೂಗಾಡುತ್ತಾ ಉಳಿದ.

ಬಿದ್ದದ್ದು ಇನ್ನಾರದೋ ಹಳೆಯ ಗಾಯದ ಮಗ್ಗುಲಿಗೆ.
ಹಸಿ ಮಣ್ಣಿನಲ್ಲಿ ಎರಡೂ ಸೇರಿ ಒಂದೇ ಬಾಯಿ.
ಇವನದು ಎಲ್ಲಿ ಶುರು, ಅವನದು ಎಲ್ಲಿ ಮುಗಿತ
ನೋಡಿದವಳು ನಾನೊಬ್ಬಳೇ;
ಕ್ಯಾಮೆರಾಗಳೆಲ್ಲ ಮುಖದ ಮೇಲಿದ್ದವು.
ಮೊಳೆ ಎರಡು ಬೆರಳು ಆಚೆ ಜರುಗಿದರೆ ಕೇಳುವವರಿಲ್ಲ.

ಬಟ್ಟೆಯಲ್ಲಾದರೆ ಒಳಗೆ ಎರಡು ಬೆರಳು ಬಿಟ್ಟಿರುತ್ತೇವೆ.
ಮದುವೆಯಾದ ಮೇಲೆ ಗಂಡಸರು ದಪ್ಪಗಾಗುತ್ತಾರೆ,
ಅಣ್ಣನದು ತಮ್ಮನಿಗೆ ಹೋಗುತ್ತದೆ, ಹೊಲಿಗೆ ಬಿಚ್ಚಿ ಹಿಗ್ಗಿಸಬಹುದು.
ಹುಲ್ಲಿನಲ್ಲಿ ಅಂಥದ್ದೇನೂ ಇಲ್ಲ.
ಅಳೆದೂ ಸುರಿದೂ ನೋಡಲು ಹೊತ್ತೂ ಇಲ್ಲ.
ಕಂಡಲ್ಲಿ ಊರಿದೆ.

ಅರವತ್ತೊಂದು ಮೀಟರು ಎಂಬತ್ತೆಂಟು.
ಹನ್ನೆರಡನೆಯವನದು ಅರವತ್ತೊಂದು ತೊಂಬತ್ತೆರಡು.
ಫೈನಲಿಗೆ ಹನ್ನೆರಡೇ ಜನ.
ಫಲಕದ ಮೇಲೆ ಹದಿಮೂರನೆಯ ಹೆಸರು ಕಂಡು
ಪುಟ ಮಗುಚಿತು.

ಬಲೆ ಇಳಿಸುವ ಹೊತ್ತಿಗೆ ಬಂದ, ಕಾಲಲ್ಲಿ ಚಪ್ಪಲಿ.
ನನ್ನ ಬಿಲ್ಲೆ ನೋಡಿ ‘ಕೆರ್ತು’ ಎಂದು ಕೂಡಿಸಿ ಓದಿದ.
ಅವನ ಭಾಷೆ ನನಗಿಲ್ಲ, ನನ್ನದು ಅವನಿಗಿಲ್ಲ.
ಬೆರಳು ಮಾಡಿ ಕೇಳಿದ: ಇಲ್ಲಿ?
ತಲೆಯಾಡಿಸಿದೆ: ಇಲ್ಲಿ.
ಕುಕ್ಕರಗಾಲಲ್ಲಿ ಕೂತು, ತೂತಿನ ಆಚೆಗೆ
ತೋರುಬೆರಳು ನಡುಬೆರಳು ಜೋಡಿಸಿಟ್ಟ.
ಅಷ್ಟೇ ಜಾಗ.
ಅವನೂ ನೋಡಿದ, ನಾನೂ ನೋಡಿದೆ.
ಅವನ ಬೆರಳು ದಪ್ಪ; ಒಂದೂಮುಕ್ಕಾಲೇ ಸಾಕಿತ್ತೇನೋ.

ಆಮೇಲೆ, ಸಿಡಿದು ಬಿದ್ದ ಹುಲ್ಲಿನ ಹೆಂಟೆ ಹುಡುಕಿ ತಂದು
ಗಾಯದೊಳಗಿಟ್ಟು ಅಂಗೈಯಲ್ಲಿ ತಟ್ಟಿದ.
ಮಗ್ಗುಲಿನದಕ್ಕೂ, ಅದು ಯಾರದೋ.
ನಾಳೆ ಇಲ್ಲೇ ಹೆಂಗಸರ ಈಟಿ.
ಓಡುವ ಕಾಲು ಮತ್ತೆ ನನ್ನದೇ.